ಹೈನುಗಾರಿಕೆಯಲ್ಲಿ ಗಣಕೀಕೃತ ಉಪಕರಣಗಳ ಬಳಕೆ: ವೆಚ್ಚ ಮತ್ತು ಪ್ರಯೋಜನಗಳು (ದಕ್ಷಿಣ ಕನ್ನಡ ಜಿಲ್ಲೆ)

ಪೀಠಿಕೆ

ಮಂಗಳೂರು ನಗರದ ಕೊಟ್ಟಾರದಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಕಛೇರಿಯಿದ್ದು, ಜಿಲ್ಲೆಯ ಪಶುಪಾಲನಾ ಯೋಜನೆಗಳ ಪ್ರಗತಿ ಪರಿಶೀಲನೆಯು ಇಲ್ಲಿಯೇ ನಡೆಯುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕುಲಶೇಖರದಲ್ಲಿ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೈರಿ ಇರುತ್ತದೆ. ಲಸಿಕೆ, ಕಿವಿಯೋಲೆ, ಪ್ರೋತ್ಸಾಹಧನ, ಹಾಲಿನ ಕೊಬ್ಬಿನಾಂಶ ಮುಂತಾಗಿ ಈ ಎರಡು ಕಡೆಗೆ ಬಂದು ಸೇರುವ ಅಂಕಿ ಅಂಶಗಳೆಲ್ಲವೂ ಸುಳ್ಯದ, ಬೆಳ್ತಂಗಡಿಯ, ಬಂಟ್ವಾಳದ ಯಾವುದೋ ಒಂದು ಹಟ್ಟಿಯಲ್ಲಿ ಎರಡು ಅಥವಾ ಮೂರು ಹಸುಗಳ ಮಗ್ಗುಲಲ್ಲಿ ಹುಟ್ಟುತ್ತವೆ. ಹಿಂದೆ ಈ ಅಂಕಿಗಳು ಕಾಗದದ ವಹಿಗಳಲ್ಲಿ ಸಾಗುತ್ತಿದ್ದವು. ಇಂದು ಯಂತ್ರಗಳ ಮೂಲಕ ಸಾಗುತ್ತವೆ. ಈ ಬದಲಾವಣೆಯಿಂದ ಹೈನುಗಾರನಿಗೆ ದೊರೆತಿರುವ ಲಾಭವೆಷ್ಟು, ಅದಕ್ಕೆ ಆತನು ತೆರಬೇಕಾದ ಬೆಲೆಯೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಣಕೀಕೃತ ಉಪಕರಣ ಎಂದಾಗ ಒಂದೇ ವಸ್ತುವನ್ನು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಹಾಲಿನ ಸಂಘದಲ್ಲಿರುವ ವಿದ್ಯುನ್ಮಾನ ತಕ್ಕಡಿ, ಹಸುವಿನ ಕಿವಿಯಲ್ಲಿರುವ 12 ಅಂಕಿಗಳ ಹಳದಿ ಓಲೆ, ಬೆದೆಯನ್ನು ಪತ್ತೆ ಹಚ್ಚುವ ಕೊರಳಪಟ್ಟಿ, ಮೊಬೈಲ್ ಆ್ಯಪ್ ಹಾಗೂ ಹಾಲು ಕರೆಯುವ ರೋಬೋಟ್ ಇವೆಲ್ಲವೂ ಆ ಹೆಸರಿನ ಅಡಿಯಲ್ಲಿಯೇ ಬರುತ್ತವೆ. ಇವುಗಳಲ್ಲಿ ಕೆಲವಕ್ಕೆ ಸರ್ಕಾರ ಅಥವಾ ಸಂಘವು ಹಣ ವ್ಯಯಿಸುತ್ತದೆ. ಕೆಲವಕ್ಕೆ ರೈತನೇ ವ್ಯಯಿಸಬೇಕಾಗುತ್ತದೆ. ಆದುದರಿಂದ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಅವಶ್ಯಕ.

ಹಿನ್ನೆಲೆ

ಕರಾವಳಿಯಲ್ಲಿ ಸಂಘಟಿತ ಹೈನುಗಾರಿಕೆಯು 1970ರ ದಶಕದಲ್ಲಿ ಮಣಿಪಾಲದಲ್ಲಿ ಆರಂಭವಾದ ಕೆನರಾ ಹಾಲು ಒಕ್ಕೂಟದಿಂದ ಬೆಳೆದು ಬಂದಿತು. ಈಗಿನ ದಕ್ಷಿಣ ಕನ್ನಡ ಹಾಲು ಒಕ್ಕೂಟವು 1986ರಿಂದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ವ್ಯಾಪ್ತಿಯಲ್ಲಿ ಕಾರ್ಯ ನಿರ್ವಹಿಸುತ್ತಿದೆ. ಜಿಲ್ಲೆಯ ಮೂಲ ತಳಿಯು ಮಲೆನಾಡು ಗಿಡ್ಡ. ಜನರು ಇದನ್ನು ಊರ ದನ ಎಂದು ಕರೆಯುತ್ತಾರೆ. ಇದು ದಿನಕ್ಕೆ ಒಂದೆರಡು ಲೀಟರ್ ಹಾಲು ನೀಡುತ್ತದೆ. ಗುಡ್ಡದಲ್ಲಿ ಮೇಯ್ದು ತನ್ನ ಹೊಟ್ಟೆಯನ್ನು ತಾನೇ ಹೊರೆಯುತ್ತದೆ. ಸಂಘಗಳಿಗೆ ಬರುವ ಹಾಲಿನ ಬಹುಪಾಲು ಮಾತ್ರ ಜೆರ್ಸಿ ಮತ್ತು ಹೆಚ್.ಎಫ್. ಮಿಶ್ರತಳಿ ಹಸುಗಳದು. ಗದ್ದೆಗಳು ಅಡಿಕೆ ತೋಟಗಳಾಗಿ ಮಾರ್ಪಟ್ಟಂತೆಲ್ಲ ಬೈಹುಲ್ಲು ಕಡಿಮೆಯಾಗಿ, ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಹುಲ್ಲು ತರಿಸಬೇಕಾದ ಸ್ಥಿತಿ ಒದಗಿದೆ. ಹಿಂಡಿ ಮತ್ತು ಹುಲ್ಲಿನ ಖರ್ಚು ಹೀಗೆ ಏರಿರುವ ಜಿಲ್ಲೆಯಲ್ಲಿ ಹೊಸ ಉಪಕರಣದ ಮೇಲೆ ಹಾಕುವ ಪ್ರತಿಯೊಂದು ರೂಪಾಯಿಯೂ ಹುಲ್ಲಿನ ರೂಪಾಯಿಯೊಂದಿಗೆ ಸ್ಪರ್ಧಿಸುತ್ತದೆ ಎಂಬುದನ್ನು ಮೊದಲಾಗಿ ಗಮನಿಸತಕ್ಕದ್ದು.

ಸಂಘದಲ್ಲಿ ಹಾಲಿನ ಅಳತೆ ಮತ್ತು ಪರೀಕ್ಷೆ

ಹೈನುಗಾರರಿಗೆ ಅತ್ಯಂತ ಪರಿಚಿತವಾದ ಹಾಗೂ ಅತಿ ಹೆಚ್ಚು ಪ್ರಯೋಜನ ನೀಡಿರುವ ಉಪಕರಣವೆಂದರೆ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕ. 1990ರ ದಶಕದಲ್ಲಿ ಗುಜರಾತಿನ ಹಳ್ಳಿಗಳ ಹಾಲು ಸಂಘಗಳಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯು ಕ್ರಮೇಣ ಕರ್ನಾಟಕದ ಸಂಘಗಳಿಗೂ ವಿಸ್ತರಿಸಿತು. ಇದರಲ್ಲಿ ವಿದ್ಯುನ್ಮಾನ ತಕ್ಕಡಿ, ಹಾಲು ಪರೀಕ್ಷಾ ಯಂತ್ರ, ಗಣಕಯಂತ್ರ ಮತ್ತು ಚೀಟಿ ಮುದ್ರಿಸುವ ಪ್ರಿಂಟರ್ ಇರುತ್ತವೆ.

ಅದಕ್ಕೂ ಮೊದಲು ಕೊಬ್ಬಿನಾಂಶವನ್ನು ಗರ್ಬರ್ ವಿಧಾನದಲ್ಲಿ ಕಂಡುಹಿಡಿಯಲಾಗುತ್ತಿತ್ತು. ಹಾಲಿಗೆ ಗಂಧಕಾಮ್ಲ ಮತ್ತು ಅಮೈಲ್ ಆಲ್ಕೋಹಾಲ್ ಬೆರೆಸಿ, ಗಾಜಿನ ನಳಿಕೆಗಳನ್ನು ಯಂತ್ರದಲ್ಲಿ ತಿರುಗಿಸಿ ಕೊಬ್ಬಿನ ಮಟ್ಟವನ್ನು ಓದಬೇಕಾಗಿತ್ತು. ಬೆಳಿಗ್ಗೆ ಹಾಲು ಹಾಕಿದ ಸದಸ್ಯನಿಗೆ ತನ್ನ ಹಾಲಿನ ಅಂಶ ಎಷ್ಟೆಂದು ಆ ಕ್ಷಣದಲ್ಲಿ ತಿಳಿಯುತ್ತಿರಲಿಲ್ಲ. ಪರೀಕ್ಷಕನು ವಹಿಯಲ್ಲಿ ಬರೆದದ್ದೇ ಪ್ರಮಾಣ. ಈಗಿನ ಯಂತ್ರವು ಸುಮಾರು ಒಂದು ನಿಮಿಷದೊಳಗೆ ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳನ್ನು (ಎಸ್.ಎನ್.ಎಫ್.) ತೋರಿಸುತ್ತದೆ. ಸದಸ್ಯನು ಕ್ಯಾನ್ ಹಿಡಿದು ನಿಂತಿರುವಾಗಲೇ ತೂಕ, ಅಂಶ ಮತ್ತು ದರ ಮೂರೂ ಚೀಟಿಯಲ್ಲಿ ಅಚ್ಚಾಗುತ್ತವೆ. ಸಣ್ಣ ರೈತನಿಗೆ ಈ ಚೀಟಿಯಿಂದಾದ ಉಪಕಾರವು ದುಬಾರಿ ಬೆಲೆಯ ಯಾವ ಕೊರಳಪಟ್ಟಿಯಿಂದಲೂ ಆಗಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಯಂತ್ರವು ತೋರಿಸಿದ ಮಾತ್ರಕ್ಕೆ ಅಂಕಿಯು ಸರಿಯಾಗಿರುತ್ತದೆ ಎನ್ನುವಂತಿಲ್ಲ. ಶಬ್ದತರಂಗಗಳ ಮೂಲಕ ಪರೀಕ್ಷಿಸುವ ಯಂತ್ರಗಳಲ್ಲಿ ಹಾಲಿನಲ್ಲಿ ನೊರೆ ಅಥವಾ ಗಾಳಿಗುಳ್ಳೆ ಇದ್ದರೂ, ಹಾಲು ಹುಳಿ ತಿರುಗಲು ಆರಂಭಿಸಿದ್ದರೂ, ಒಳಗಿನ ಕೊಳವೆಯನ್ನು ತೊಳೆಯದೆ ಜಿಡ್ಡುಗಟ್ಟಿದ್ದರೂ ಫಲಿತಾಂಶವು ವ್ಯತ್ಯಾಸವಾಗುತ್ತದೆ. ವಿದ್ಯುತ್ ಒತ್ತಡದ ಏರಿಳಿತವೂ ಇದಕ್ಕೆ ಕಾರಣವಾಗಬಹುದು. ಆದುದರಿಂದ ಯಂತ್ರವನ್ನು ಗರ್ಬರ್ ಪರೀಕ್ಷೆಯೊಂದಿಗೆ ನಿಯತವಾಗಿ ತಾಳೆ ನೋಡಿ ಸರಿಪಡಿಸಬೇಕಾಗುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಅರಿಯಬಹುದು. ದರಪಟ್ಟಿಯಲ್ಲಿ ಕೊಬ್ಬಿನಾಂಶದ ಪ್ರತಿ 0.1ಕ್ಕೆ ಲೀಟರಿಗೆ 25 ಪೈಸೆ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳೋಣ. ಯಂತ್ರವು 0.2ರಷ್ಟು ಕಡಿಮೆ ತೋರಿಸಿದಲ್ಲಿ ದಿನಕ್ಕೆ 10 ಲೀಟರ್ ಹಾಕುವ ಸದಸ್ಯನಿಗೆ ದಿನವೊಂದಕ್ಕೆ 5 ರೂಪಾಯಿ, 300 ದಿನಗಳ ಕರಾವಿನ ಅವಧಿಯಲ್ಲಿ 1,500 ರೂಪಾಯಿ ನಷ್ಟವಾಗುತ್ತದೆ. ಅಂತಹ 100 ಸದಸ್ಯರಿರುವ ಸಂಘದಲ್ಲಿ ಒಟ್ಟು ನಷ್ಟವು 1,50,000 ರೂಪಾಯಿ. ಇದು ಯಾರೊಬ್ಬರೂ ಮೋಸ ಮಾಡದೆ, ಕೇವಲ ಯಂತ್ರದ ಕೊಳವೆಯನ್ನು ತೊಳೆಯದಿದ್ದುದರಿಂದ ಆಗಬಹುದಾದ ನಷ್ಟ. ಹಳೆಯ ಪರೀಕ್ಷಕನ ತಪ್ಪು ದಿನಕ್ಕೊಂದು ರೀತಿ ಇರುತ್ತಿತ್ತು. ಯಂತ್ರದ ತಪ್ಪು ಪ್ರತಿದಿನವೂ ಒಂದೇ ದಿಕ್ಕಿಗೆ ಇರುತ್ತದೆ. ಅಲ್ಲದೆ ಮುದ್ರಿತ ಚೀಟಿಯನ್ನು ಪ್ರಶ್ನಿಸಲು ಜನರು ಹಿಂಜರಿಯುತ್ತಾರೆ.

ತಕ್ಕಡಿಯ ವಿಷಯದಲ್ಲಿಯೂ ಎರಡು ಅಂಶಗಳನ್ನು ತಿಳಿದಿರಬೇಕು. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ವ್ಯವಹಾರದಲ್ಲಿ ಬಳಸುವ ತೂಕದ ಯಂತ್ರಕ್ಕೆ ಕಾಲಕಾಲಕ್ಕೆ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ಎರಡನೆಯದಾಗಿ, ತಕ್ಕಡಿಯು ಹಾಲನ್ನು ಕಿಲೋಗ್ರಾಂನಲ್ಲಿ ತೂಗುತ್ತದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋಗ್ರಾಂ ತೂಗುತ್ತದೆ. ಅಂದರೆ 10 ಕಿಲೋ ಹಾಲು ಸುಮಾರು 9.7 ಲೀಟರ್ ಆಗುತ್ತದೆ. ಚೀಟಿಯಲ್ಲಿರುವ ಪ್ರಮಾಣವು ಕಿಲೋ ಆಗಿದೆಯೇ ಲೀಟರ್ ಆಗಿದೆಯೇ, ದರವು ಯಾವುದಕ್ಕೆ ಎಂಬುದನ್ನು ಸದಸ್ಯರು ಕಾರ್ಯದರ್ಶಿಯವರಿಂದ ಕೇಳಿ ತಿಳಿಯಬಹುದಾಗಿದೆ. ಮನೆಯ ಲೀಟರ್ ಅಳತೆಗೂ ಸಂಘದ ಅಂಕಿಗೂ ಹೊಂದಿಕೆಯಾಗದೆ ಉಂಟಾಗುವ ಅನೇಕ ತಕರಾರುಗಳು ಇಲ್ಲಿಯೇ ಪರಿಹಾರವಾಗುತ್ತವೆ.

ಹಣ ಪಾವತಿ

ರಾಜ್ಯ ಸರ್ಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ನೀಡಲು ಆರಂಭಿಸಿತು. ಈ ಮೊತ್ತವನ್ನು 2013ರಲ್ಲಿ 4 ರೂಪಾಯಿಗೆ, 2016ರಲ್ಲಿ 5 ರೂಪಾಯಿಗೆ ಏರಿಸಲಾಯಿತು. ಸಂಘದ ಗಣಕಯಂತ್ರದಲ್ಲಿ ದಾಖಲಾದ ಹಾಲಿನ ಪ್ರಮಾಣದ ಆಧಾರದ ಮೇಲೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಈ ಹಣವು ನೇರವಾಗಿ ಜಮೆಯಾಗುತ್ತದೆ. ಹಾಲಿನ ಬಟವಾಡೆಯಲ್ಲಿಯೂ 2016ರ ನವೆಂಬರ್‌ನ ನೋಟು ಅಮಾನ್ಯೀಕರಣದ ನಂತರ ಬ್ಯಾಂಕ್ ಮೂಲಕ ಪಾವತಿ ಮಾಡುವ ಕ್ರಮ ಹೆಚ್ಚಿತು. ಮಧ್ಯೆ ಸೋರಿಕೆಯಿಲ್ಲದಿರುವುದು ಇದರ ಸ್ಪಷ್ಟ ಲಾಭ.

ಇದರ ಬೆಲೆಯನ್ನು ತೆತ್ತವರು ಮನೆಯ ಹೆಂಗಸರು. ಹಟ್ಟಿಯ ಕೆಲಸ, ಹುಲ್ಲು ತರುವುದು, ಹಾಲು ಕರೆಯುವುದು, ಸಂಘಕ್ಕೆ ಒಯ್ಯುವುದು ಇವು ಬಹುತೇಕ ಮನೆಗಳಲ್ಲಿ ಮಹಿಳೆಯರಿಂದಲೇ ನಡೆಯುತ್ತವೆ. ನಗದು ಬಟವಾಡೆಯ ಕಾಲದಲ್ಲಿ ಹಣವು ಹಾಲು ಒಯ್ದವರ ಕೈಗೇ ಬರುತ್ತಿತ್ತು. ಮಕ್ಕಳ ಶಾಲೆಯ ಖರ್ಚು, ದಿನಸಿ, ಹಿಂಡಿ ಎಲ್ಲವೂ ಅದರಿಂದಲೇ ಸಾಗುತ್ತಿದ್ದವು. ಸದಸ್ಯತ್ವವು ಮನೆಯ ಯಜಮಾನನ ಹೆಸರಿನಲ್ಲಿದ್ದರೆ ಈಗ ಹಣವು ಆತನ ಖಾತೆಗೆ ಹೋಗುತ್ತದೆ. ಸದಸ್ಯತ್ವ ಮತ್ತು ಖಾತೆಯನ್ನು ದುಡಿಯುವ ಮಹಿಳೆಯ ಹೆಸರಿಗೆ ಅಥವಾ ಜಂಟಿಯಾಗಿ ಮಾಡಿಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಈ ಬಗ್ಗೆ ಸಂಘದಲ್ಲಿ ವಿಚಾರಿಸಬಹುದಾಗಿದೆ. ಹೊಸ ಯಂತ್ರದ ವಿಷಯ ಬಂದಾಗ ಬೆಲೆಯ ಚರ್ಚೆ ನಡೆಯುತ್ತದೆ, ಇದರ ಚರ್ಚೆ ನಡೆಯುವುದಿಲ್ಲ.

ಕಿವಿಯೋಲೆ ಮತ್ತು 12 ಅಂಕಿಗಳ ಸಂಖ್ಯೆ

ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಐದು ವರ್ಷಗಳಿಗೆ 13,343 ಕೋಟಿ ರೂಪಾಯಿಗಳನ್ನು ಇದಕ್ಕೆ ನಿಗದಿಪಡಿಸಲಾಗಿತ್ತು. ಈ ಕಾರ್ಯಕ್ರಮದಡಿ ಲಸಿಕೆ ಹಾಕಿದ ಪ್ರತಿ ದನ ಮತ್ತು ಎಮ್ಮೆಗೆ 12 ಅಂಕಿಗಳ ಸಂಖ್ಯೆಯುಳ್ಳ ಕಿವಿಯೋಲೆಯನ್ನು ಹಾಕಿ ವಿವರವನ್ನು ಗಣಕದಲ್ಲಿ ದಾಖಲಿಸಲಾಗುತ್ತದೆ. ಮೊದಲು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಇನಾಫ್ ತಂತ್ರಾಂಶದಲ್ಲಿದ್ದ ಈ ದಾಖಲೆಗಳು ನಂತರ ಭಾರತ್ ಪಶುಧನ್ ವ್ಯವಸ್ಥೆಗೆ ವರ್ಗವಾಗಿವೆ.

ಓಲೆಗೆ ರೈತರು ಹಣ ಕೊಡಬೇಕಾಗಿಲ್ಲ. ಅದರ ಪ್ರಯೋಜನವು ಕಷ್ಟಕಾಲದಲ್ಲಿ ಅರಿವಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲಿ ಹಬ್ಬಿದಾಗ ಯಾವ ಗ್ರಾಮದಲ್ಲಿ ಎಷ್ಟು ರಾಸುಗಳಿಗೆ ಲಸಿಕೆಯಾಗಿದೆ, ಎಷ್ಟು ಬಾಕಿ ಇವೆ ಎಂಬ ಲೆಕ್ಕವು ತುರ್ತಾಗಿ ಬೇಕಾಯಿತು. ವಿಮೆಯ ಪರಿಹಾರಕ್ಕೂ ಓಲೆಯೇ ಆಧಾರ. ವಿಮೆ ಮಾಡಿಸಿದ ಹಸು ಮೃತಪಟ್ಟಲ್ಲಿ ಓಲೆಯನ್ನು ಕಿತ್ತು ಎಸೆಯದೆ, ಕಳೇಬರವನ್ನು ಹೂಳುವ ಮುನ್ನ ಪಶುವೈದ್ಯಾಧಿಕಾರಿಗಳಿಗೆ ಮತ್ತು ವಿಮಾ ಕಂಪನಿಗೆ ತಿಳಿಸತಕ್ಕದ್ದು. ಓಲೆಯಿಲ್ಲದ ಕಾರಣದಿಂದ ನ್ಯಾಯವಾದ ಪರಿಹಾರವೂ ಕೈತಪ್ಪುವ ಸಂಭವವಿದೆ.

ಓಲೆಯ ತೊಂದರೆಗಳು ಕರಾವಳಿಯ ಹವೆಗೆ ಸಂಬಂಧಿಸಿವೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಹಾಕಿದ ಓಲೆಯ ಗಾಯವು ಬೇಗ ಒಣಗುವುದಿಲ್ಲ. ನೊಣ ಕುಳಿತು ಹುಳುವಾಗುತ್ತದೆ. ಓಲೆ ಹಾಕಿಸಿದ ನಂತರ ಒಂದು ವಾರ ಕಿವಿಯನ್ನು ಗಮನಿಸಿ, ಅಯೋಡಿನ್ ದ್ರಾವಣ ಅಥವಾ ಬೇವಿನೆಣ್ಣೆ ಹಚ್ಚುವುದು ಅವಶ್ಯಕ. ಗುಡ್ಡದಲ್ಲಿ ಮೇಯುವ ಊರ ದನಗಳ ಓಲೆಯು ಪೊದೆಗಳಿಗೆ ಸಿಕ್ಕಿ ಹರಿದು ಹೋಗುವುದೂ ಉಂಟು. ಹೀಗಾದಾಗ ಹೊಸ ಓಲೆ ಹಾಕಿಸಿ, ಹಳೆಯ ಸಂಖ್ಯೆಯೊಂದಿಗೆ ಜೋಡಿಸಿ ದಾಖಲಿಸಲು ಕೋರಬೇಕು; ಇಲ್ಲವಾದಲ್ಲಿ ಅದೇ ಹಸು ಗಣಕದಲ್ಲಿ ಎರಡು ಹಸುಗಳಾಗಿ ಉಳಿಯುತ್ತದೆ. ರಾಸನ್ನು ಮಾರಿದಾಗ ಮಾಲೀಕರ ಹೆಸರನ್ನು ಬದಲಾಯಿಸುವುದೂ ಅಷ್ಟೇ ಮುಖ್ಯ.

ಜಾನುವಾರು ಗಣತಿಯೂ ಇದೇ ಹಾದಿಯಲ್ಲಿದೆ. 2019ರ 20ನೇ ಗಣತಿಯಲ್ಲಿ ಮೊದಲ ಬಾರಿಗೆ ಟ್ಯಾಬ್ಲೆಟ್ ಗಣಕಗಳನ್ನು ಬಳಸಲಾಯಿತು. ದೇಶದ ಜಾನುವಾರುಗಳ ಸಂಖ್ಯೆ ಸುಮಾರು 53.58 ಕೋಟಿ ಎಂದು ಅದು ತಿಳಿಸಿತು. 21ನೇ ಗಣತಿಗೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ನೀಡಲಾಯಿತು.

ಬೆದೆ ಪತ್ತೆ ಮಾಡುವ ಕೊರಳಪಟ್ಟಿ ಮತ್ತು ಕಾಲಪಟ್ಟಿ

ರೈತನು ತನ್ನ ಸ್ವಂತ ಹಣದಿಂದ ಕೊಳ್ಳಬೇಕಾದ ಉಪಕರಣಗಳಲ್ಲಿ ಇದು ಮುಖ್ಯವಾದುದು. ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಸ್ಟೆಲ್ಯಾಪ್ಸ್ ಸೇರಿದಂತೆ ಹಲವು ಕಂಪನಿಗಳು ಇಂತಹ ಪಟ್ಟಿಗಳನ್ನು ತಯಾರಿಸಿವೆ. ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ, ಮೆಲುಕು ಹಾಕುವುದು ಕಡಿಮೆಯಾಗುತ್ತದೆ. ಪಟ್ಟಿಯಲ್ಲಿರುವ ಸಂವೇದಕವು ಇದನ್ನು ಅಳೆದು ಮಾಲೀಕರ ಮೊಬೈಲ್‌ಗೆ ಸಂದೇಶ ಕಳುಹಿಸುತ್ತದೆ.

ಬೆದೆಯನ್ನು ಗುರುತಿಸುವುದರ ಮಹತ್ವವು ಹೈನುಗಾರರಿಗೆ ತಿಳಿದೇ ಇದೆ. ಹಸುವು ಸರಾಸರಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯು ಹೆಚ್ಚೆಂದರೆ 12ರಿಂದ 18 ಗಂಟೆಗಳ ಕಾಲ ಇರುತ್ತದೆ. ಅನೇಕ ಹಸುಗಳಲ್ಲಿ ಲಕ್ಷಣಗಳು ರಾತ್ರಿಯ ವೇಳೆ ಪ್ರಬಲವಾಗಿರುತ್ತವೆ. ಬೆಳಿಗ್ಗೆ ಬೆದೆ ಕಂಡುಬಂದಲ್ಲಿ ಸಂಜೆ, ಸಂಜೆ ಕಂಡುಬಂದಲ್ಲಿ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿಯಲ್ಲಿರುವ ನಿಯಮ. ಒಂದು ಬೆದೆ ತಪ್ಪಿದರೆ 21 ದಿನಗಳು ವ್ಯರ್ಥವಾಗುತ್ತವೆ. ಆ ಅವಧಿಯಲ್ಲಿ ಹಸುವಿನ ಮೇವಿಗೆ ದಿನಕ್ಕೆ 200 ರೂಪಾಯಿ ಎಂದು ಭಾವಿಸಿದರೂ 4,200 ರೂಪಾಯಿ ನಷ್ಟ.

ಈಗ ಉಪಕರಣದ ವೆಚ್ಚವನ್ನು ಇದರೊಂದಿಗೆ ಹೋಲಿಸಬಹುದು. ಬೆಲೆಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಇಲ್ಲಿ ನೀಡಿರುವುದು ಲೆಕ್ಕ ಹಾಕುವ ವಿಧಾನಕ್ಕಾಗಿ ಊಹಿಸಿಕೊಂಡ ಮೊತ್ತಗಳು ಮಾತ್ರ. ಹಟ್ಟಿಯಲ್ಲಿ ಸ್ಥಾಪಿಸುವ ಮುಖ್ಯ ಘಟಕಕ್ಕೆ 25,000 ರೂಪಾಯಿ, ಪ್ರತಿ ಹಸುವಿನ ಪಟ್ಟಿ ಮತ್ತು ಐದು ವರ್ಷಗಳ ಸೇವಾಶುಲ್ಕಕ್ಕೆ 10,000 ರೂಪಾಯಿ ಎಂದಿಟ್ಟುಕೊಂಡರೆ, 3 ಹಸುಗಳ ಮನೆಗೆ ಒಟ್ಟು 55,000 ರೂಪಾಯಿ, ಅಂದರೆ ವರ್ಷಕ್ಕೆ 11,000 ರೂಪಾಯಿ ಆಗುತ್ತದೆ. ಈ ಹಣ ಮರಳಿ ಬರಬೇಕಾದರೆ ವರ್ಷಕ್ಕೆ ಸುಮಾರು ಮೂರು ಬೆದೆಗಳು, ಅಂದರೆ ಪ್ರತಿ ಹಸುವಿಗೂ ಒಂದು ಬೆದೆ ತಪ್ಪುವುದನ್ನು ಈ ಪಟ್ಟಿಯು ತಡೆಯಬೇಕು. 20 ಹಸುಗಳ ಫಾರಂನಲ್ಲಿ ವೆಚ್ಚವು 2,25,000 ರೂಪಾಯಿ, ವರ್ಷಕ್ಕೆ 45,000 ರೂಪಾಯಿ. ಅಲ್ಲಿ 11 ಬೆದೆಗಳು, ಎಂದರೆ ಎರಡು ಹಸುಗಳಿಗೆ ಒಂದರಂತೆ ಉಳಿದರೆ ಸಾಕು.

ಮೂರು ಹಸುಗಳ ಹಟ್ಟಿಯಲ್ಲಿ ದಿನಕ್ಕೆ ಎರಡು ಬಾರಿ ಕೆಚ್ಚಲಿಗೆ ಕೈ ಹಾಕುವ ಮನೆಯವರು ಹಸುವಿನ ಕೂಗು, ಲೋಳೆ, ಹಾಲು ಇಳಿಕೆ ಇವನ್ನು ಗಮನಿಸಿಯೇ ಇರುತ್ತಾರೆ. ಅಲ್ಲಿ ಪಟ್ಟಿಯು ಹೊಸದಾಗಿ ಹೇಳಬೇಕಾದುದು ಕಡಿಮೆ. ಬದಲಾಗಿ, ಮಾಲೀಕರು ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಕೂಲಿಯಾಳುಗಳ ಕೈಯಲ್ಲಿ 20 ಹಸುಗಳನ್ನು ಬಿಟ್ಟಿರುವ ಫಾರಂಗಳಲ್ಲಿ ಅದರ ಉಪಯೋಗ ನಿಶ್ಚಿತವಾಗಿ ಹೆಚ್ಚು.

ಇದರೊಂದಿಗೆ ಇನ್ನೊಂದು ವಿಷಯವನ್ನು ಮಾರಾಟಗಾರರು ಸಾಮಾನ್ಯವಾಗಿ ತಿಳಿಸುವುದಿಲ್ಲ. ಓಡಾಟವನ್ನು ಅಳೆಯುವ ಉಪಕರಣಗಳು ಮೂಲತಃ ದೊಡ್ಡಿಯಲ್ಲಿ ಸ್ವತಂತ್ರವಾಗಿ ತಿರುಗಾಡುವ ಹಸುಗಳಿಗಾಗಿ ರೂಪುಗೊಂಡವು. ಜಿಲ್ಲೆಯ ಮಿಶ್ರತಳಿ ಹಸುಗಳಲ್ಲಿ ಹೆಚ್ಚಿನವು ದಿನವಿಡೀ ಗೂಟಕ್ಕೆ ಕಟ್ಟಿರುವಂತಹವು. ಕಟ್ಟಿದ ಹಸು ಬೆದೆಗೆ ಬಂದರೂ ಓಡಾಡಲು ಅವಕಾಶವಿಲ್ಲ. ಸಂವೇದಕಕ್ಕೆ ಸಿಗುವ ಸುಳಿವು ದುರ್ಬಲ. ಕೊಳ್ಳುವ ಮುನ್ನ, ಕಟ್ಟಿ ಸಾಕುವ ಹಸುಗಳಲ್ಲಿ ಈ ಉಪಕರಣವನ್ನು ಪರೀಕ್ಷಿಸಲಾಗಿದೆಯೇ ಎಂದು ಲಿಖಿತವಾಗಿ ಕೇಳುವುದು ಸೂಕ್ತ. ಅಷ್ಟರಲ್ಲಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಪ್ರತಿ ಹಸುವಿನ ಬೆದೆಯ ದಿನವನ್ನು ಗುರುತು ಮಾಡಿ, 18ನೇ ದಿನದಿಂದ 24ನೇ ದಿನದವರೆಗೆ ರಾತ್ರಿ ಮಲಗುವ ಮುನ್ನ ಒಮ್ಮೆ ಹಟ್ಟಿಗೆ ಹೋಗಿ ಬರುವುದರಿಂದ ಇದೇ ಪ್ರಯೋಜನದ ಹೆಚ್ಚಿನ ಭಾಗವನ್ನು ಖರ್ಚಿಲ್ಲದೆ ಪಡೆಯಬಹುದಾಗಿದೆ.

ಉಷ್ಣತೆ ಮತ್ತು ತೇವಾಂಶದ ಎಚ್ಚರಿಕೆ ಯಂತ್ರಗಳು

ಹಟ್ಟಿಯ ಉಷ್ಣತೆ ಮತ್ತು ತೇವಾಂಶಗಳನ್ನು ಅಳೆದು, ಹಸುವಿಗೆ ಸೆಕೆಯ ಬಾಧೆ ಉಂಟಾಗುವ ಮಟ್ಟದಲ್ಲಿ ಎಚ್ಚರಿಕೆ ನೀಡುವ ಅಥವಾ ತಾನಾಗಿಯೇ ನೀರು ಸಿಂಪಡಿಸುವ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಇವೆರಡನ್ನು ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕವು 72ನ್ನು ದಾಟಿದರೆ ಹೆಚ್ಚು ಹಾಲು ಕೊಡುವ ಹಸುಗಳಿಗೆ ತೊಂದರೆ ಎಂಬುದು ಪರದೇಶಗಳ ಸಂಶೋಧನೆಗಳಿಂದ ಬಂದ ಮಟ್ಟ.

ಕರಾವಳಿಯಲ್ಲಿ ಇದರ ಫಲವೇನೆಂಬುದನ್ನು ನೋಡಬೇಕು. 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 80 ತೇವಾಂಶವಿರುವ ಮಧ್ಯಾಹ್ನದಲ್ಲಿ ಸೂಚ್ಯಂಕವು ಸುಮಾರು 86 ಆಗುತ್ತದೆ. ಮಳೆಗಾಲದ ತಂಪು ದಿನದಲ್ಲಿ, 26 ಡಿಗ್ರಿ ಮತ್ತು ಶೇ. 85 ತೇವಾಂಶದಲ್ಲಿಯೂ ಅದು 77. ಡಿಸೆಂಬರ್, ಜನವರಿಯ ನಸುಕಿನಲ್ಲಿ 22 ಡಿಗ್ರಿಗೆ ಇಳಿದಾಗ ಮಾತ್ರ 70ರ ಆಸುಪಾಸಿಗೆ ಬರುತ್ತದೆ. ಎಂದರೆ 72ಕ್ಕೆ ನಿಗದಿಪಡಿಸಿದ ಯಂತ್ರವು ಮಂಗಳೂರಿನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಎಚ್ಚರಿಕೆ ನೀಡುತ್ತಲೇ ಇರುತ್ತದೆ. ಎರಡನೆಯ ವಾರದಲ್ಲಿ ಯಾರಾದರೂ ಅದರ ಸದ್ದನ್ನು ಆರಿಸಿಬಿಡುತ್ತಾರೆ.

ಸಿಂಪಡಣೆಯೂ ಇಲ್ಲಿ ಹೆಚ್ಚು ಫಲ ಕೊಡುವುದಿಲ್ಲ. ಬಳ್ಳಾರಿ, ವಿಜಯಪುರದಂತಹ ಒಣ ಹವೆಯಲ್ಲಿ ನೀರು ಆವಿಯಾಗುತ್ತ ಹಸುವನ್ನು ತಂಪಾಗಿಸುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಮೈಮೇಲೆಯೇ ಉಳಿದು, ಹಾಸು ಒದ್ದೆಯಾಗಿ ಕೆಚ್ಚಲು ಬಾವಿಗೆ ದಾರಿ ಮಾಡುತ್ತದೆ. ಇಲ್ಲಿ ಬೇಕಾದುದು ಎತ್ತರದ ಮಾಡು, ತೆರೆದ ಬದಿಗಳು ಮತ್ತು ಒಂದು ಗಟ್ಟಿಮುಟ್ಟಾದ ಫ್ಯಾನ್. ಹಸುವಿನ ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿದಲ್ಲಿ, ಉಸಿರಾಟವು 60ನ್ನು ಮೀರಿದ್ದರೆ ಹಸುವು ಸೆಕೆಯಿಂದ ಬಳಲುತ್ತಿದೆ ಎಂದು ತಿಳಿಯಬಹುದು. ಮಲೆನಾಡು ಗಿಡ್ಡ ತಳಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಕೆಚ್ಚಲು ಬಾವು ಪತ್ತೆ ಮತ್ತು ಹಾಲು ಕರೆಯುವ ಯಂತ್ರಗಳು

ಹಾಲಿನ ವಿದ್ಯುತ್ ವಾಹಕತೆಯನ್ನು ಅಳೆದು ಕೆಚ್ಚಲು ಬಾವನ್ನು ಮುಂಚಿತವಾಗಿ ಸೂಚಿಸುವ ಸಂವೇದಕಗಳಿವೆ. ಬಾಹ್ಯ ಲಕ್ಷಣಗಳಿಲ್ಲದ ಕೆಚ್ಚಲು ಬಾವಿನಲ್ಲಿ ಹಾಲಿನ ಇಳುವರಿಯು ಮಾಲೀಕರ ಗಮನಕ್ಕೆ ಬಾರದೆ ಕುಸಿಯುವುದರಿಂದ ಇದು ಉಪಯುಕ್ತವಾದುದೇ. ಆದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆಯ ದ್ರಾವಣ ಮತ್ತು ನಾಲ್ಕು ಗುಳಿಗಳ ತಟ್ಟೆಯಿಂದ ಅಲ್ಪ ಖರ್ಚಿನಲ್ಲಿ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಗಳಿಗೊಮ್ಮೆ ಇದನ್ನು ಮಾಡುವುದು ಒಳ್ಳೆಯದು.

ಹಾಲು ಕರೆಯುವ ಸಾಮಾನ್ಯ ಯಂತ್ರವು ಬೆನ್ನುನೋವು, ಗಂಟುನೋವಿರುವ ಹಿರಿಯರ ಮನೆಗಳಲ್ಲಿ ಹೈನುಗಾರಿಕೆಯನ್ನು ಉಳಿಸಿದೆ. ಕರೆಯುವವರಿಲ್ಲವೆಂದು ಹಸುವನ್ನು ಮಾರುವ ಪ್ರಸಂಗಗಳನ್ನು ತಪ್ಪಿಸಿದೆ. ಇದರ ಲಾಭವನ್ನು ರೂಪಾಯಿಯಲ್ಲಿ ಮಾತ್ರ ಅಳೆಯಲಾಗದು. ರೋಬೋಟ್ ವಿಷಯ ಬೇರೆ. ನೆದರ್ಲೆಂಡ್ಸ್‌ನಲ್ಲಿ 1992ರಲ್ಲಿ ಮಾರುಕಟ್ಟೆಗೆ ಬಂದ ಹಾಲು ಕರೆಯುವ ರೋಬೋಟ್ ಒಂದು ಸುಮಾರು 60 ಹಸುಗಳನ್ನು ನಿಭಾಯಿಸುತ್ತದೆ. ಎರಡು ಮೂರು ಹಸುಗಳ ಜಿಲ್ಲೆಯಲ್ಲಿ ಅದರ ಚರ್ಚೆ ಅನಗತ್ಯ.

ಕೋಳಿ ಸಾಕಾಣಿಕೆಯಲ್ಲಿ ಪರಿಸ್ಥಿತಿ ಭಿನ್ನ. ಸಾವಿರಾರು ಮಾಂಸದ ಕೋಳಿಗಳಿರುವ ಶೆಡ್‌ನಲ್ಲಿ ಮರಿಗಳ ಮೊದಲ ವಾರದ ಉಷ್ಣತೆ ತಪ್ಪಿದರೆ ಇಡೀ ತಂಡಕ್ಕೆ ಹಾನಿಯಾಗುವುದರಿಂದ, ಉಷ್ಣತೆಯ ಸಂವೇದಕ ಮತ್ತು ವಿದ್ಯುತ್ ಹೋದಾಗ ಎಚ್ಚರಿಸುವ ಗಂಟೆ ಎರಡೂ ತಮ್ಮ ಬೆಲೆಯನ್ನು ಬೇಗನೆ ತೀರಿಸುತ್ತವೆ.

ಲೆಕ್ಕಕ್ಕೆ ಸಿಗದ ವೆಚ್ಚಗಳು

ಉಪಕರಣದ ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳಲ್ಲಿ ಮೊದಲನೆಯದು ಸಿಡಿಲು. ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಹಾಗೂ ಅಕ್ಟೋಬರ್‌ನಲ್ಲಿ ಘಟ್ಟದ ಬುಡದ ಗ್ರಾಮಗಳಲ್ಲಿ ಸಿಡಿಲಿನಿಂದ ಟಿ.ವಿ., ಮೋಡೆಮ್‌ಗಳು ಸುಟ್ಟು ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಹಟ್ಟಿಯ ಉಪಕರಣಕ್ಕೆ ಇದು ಅನ್ವಯಿಸುವುದಿಲ್ಲ ಎನ್ನುವಂತಿಲ್ಲ. ಭೂಸಂಪರ್ಕ ಮತ್ತು ಸರ್ಜ್ ರಕ್ಷಕದ ಖರ್ಚನ್ನು ಉಪಕರಣದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು. ಎರಡನೆಯದು ನೀರು. 2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಭಾರಿ ಮಳೆಗೆ ಕೊಟ್ಟಾರ ಚೌಕಿಯ ತಗ್ಗು ಪ್ರದೇಶಗಳು ಜಲಾವೃತವಾದವು. ಇಂತಹ ಸ್ಥಳಗಳಲ್ಲಿ ಹಸು ಸಾಕುವವರು ಬ್ಯಾಟರಿ ಮತ್ತು ಸ್ವಿಚ್ಚುಗಳನ್ನು ನೆಲದಿಂದ ಸಾಕಷ್ಟು ಎತ್ತರದಲ್ಲಿ ಅಳವಡಿಸುವುದು ಮನುಷ್ಯರ ಮತ್ತು ಹಸುಗಳ ಸುರಕ್ಷತೆಯ ದೃಷ್ಟಿಯಿಂದ ಅವಶ್ಯಕ; ಒದ್ದೆ ನೆಲದಲ್ಲಿ ಸೋರುವ ಅಲ್ಪ ವಿದ್ಯುತ್ತೂ ಹಸುವಿಗೆ ಮಾರಕವಾಗಬಹುದು.

ಮೂರನೆಯದು ಮೊಬೈಲ್ ಸಂಪರ್ಕ. ಸುಳ್ಯ ಮತ್ತು ಬೆಳ್ತಂಗಡಿ ತಾಲ್ಲೂಕುಗಳ ಕಾಡಂಚಿನ ಮನೆಗಳಲ್ಲಿ ಸಂಪರ್ಕ ಸಿಗಲು ಗುಡ್ಡ ಹತ್ತಬೇಕಾದ ಸ್ಥಿತಿ ಇನ್ನೂ ಇದೆ. ಸಂಪರ್ಕವಿಲ್ಲದಾಗಲೂ ಮಾಹಿತಿಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವ ಉಪಕರಣವನ್ನೇ ಆಯ್ಕೆ ಮಾಡುವುದು ಒಳಿತು. ಕಂಪನಿಯು ಮುಚ್ಚಿದಲ್ಲಿ ಪಟ್ಟಿಯು ನಿರುಪಯುಕ್ತವಾಗುವುದೇ, ಬ್ಯಾಟರಿಯನ್ನು ಸ್ಥಳೀಯವಾಗಿ ಬದಲಾಯಿಸಬಹುದೇ, ದುರಸ್ತಿಗೆ ಬರುವವರು ಮಂಗಳೂರಿನಲ್ಲಿದ್ದಾರೆಯೇ ಅಥವಾ ಬೆಂಗಳೂರಿನಿಂದ ಬರಬೇಕೇ ಎಂಬ ಪ್ರಶ್ನೆಗಳಿಗೂ ಖರೀದಿಗೆ ಮುನ್ನ ಉತ್ತರ ಪಡೆಯತಕ್ಕದ್ದು.

ನಾಲ್ಕನೆಯದು ಮಾಹಿತಿಯ ಒಡೆತನ. ಖಾಸಗಿ ಆ್ಯಪ್‌ಗೆ ದಿನನಿತ್ಯದ ಹಾಲಿನ ಪ್ರಮಾಣ, ಹಸುವಿನ ರೋಗ, ಆದಾಯ ಇವುಗಳನ್ನು ನೀಡುವ ರೈತನು ತನ್ನ ಮನೆಯ ಆರ್ಥಿಕ ಸ್ಥಿತಿಯನ್ನೇ ತೆರೆದಿಡುತ್ತಾನೆ. ಈ ಮಾಹಿತಿಯಿಂದ ಸಾಲ ಸುಲಭವಾಗಿ ದೊರೆಯಬಹುದು. ಅದೇ ಮಾಹಿತಿಯಿಂದ ಸಾಲ ನಿರಾಕರಣೆಯೂ ಆಗಬಹುದು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 2023ರಲ್ಲಿ ಅಂಗೀಕಾರವಾಗಿದೆ. ಆದಾಗ್ಯೂ, ಒಪ್ಪಿಗೆಯ ಗುಂಡಿಯನ್ನು ಒತ್ತುವ ಮುನ್ನ ಮಾಹಿತಿಯನ್ನು ಯಾರಿಗೆ ನೀಡಲಾಗುವುದು ಎಂಬುದನ್ನು ಓದಿಸಿ ಕೇಳುವುದು ಸೂಕ್ತ.

ಸಂಪರ್ಕ

ಕಿವಿಯೋಲೆ, ಲಸಿಕೆ ದಾಖಲೆ ಮತ್ತು ಮಾಲೀಕರ ಹೆಸರು ಬದಲಾವಣೆಗೆ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸುವುದು. ಹೋಗುವಾಗ ಓಲೆಯ ಸಂಖ್ಯೆ, ಆಧಾರ್ ಮತ್ತು ಇಲಾಖಾ ಯೋಜನೆಗಳಿಗೆ ಬೇಕಾಗುವ ಫ್ರೂಟ್ಸ್ ಗುರುತಿನ ಸಂಖ್ಯೆಗಳನ್ನು ಬರೆದುಕೊಂಡು ಹೋದಲ್ಲಿ ಎರಡನೆಯ ಬಾರಿ ಬರುವುದು ತಪ್ಪುತ್ತದೆ. ತುರ್ತು ಚಿಕಿತ್ಸೆಗಾಗಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕೋರಬಹುದಾಗಿದೆ. ಹಾಲಿನ ಪರೀಕ್ಷೆಯ ಬಗ್ಗೆ ಸಂಶಯವಿದ್ದಲ್ಲಿ ಸಂಘದ ಕಾರ್ಯದರ್ಶಿಯವರಿಗೆ, ನಂತರ ಕುಲಶೇಖರದ ಒಕ್ಕೂಟಕ್ಕೆ ಲಿಖಿತವಾಗಿ ತಿಳಿಸಿ, ಗರ್ಬರ್ ವಿಧಾನದಲ್ಲಿ ಮರುಪರೀಕ್ಷೆ ಕೋರಬಹುದು. ತಕ್ಕಡಿಯ ಮುದ್ರೆಯ ಅವಧಿ ಮುಗಿದಿರುವುದು ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದಾಗಿದೆ. ಕನಿಷ್ಠ ಮೂರು ತಿಂಗಳ ಹಾಲಿನ ಚೀಟಿಗಳನ್ನು ಕಟ್ಟಿ ಇಟ್ಟುಕೊಂಡಿರುವುದು ಅವಶ್ಯಕ.